ಹದಿನಾಲ್ಕನೇ ರೆಸಿಸ್ಟರಿನ ತಿದ್ದುಪಡಿ ಮತ್ತು ಒಂದು ಜಪ್ತಿ ಕಾರು

ಹಳೆಯ ವಾಹನಗಳ ತಪಾಸಣಾ ಇಲಾಖೆ
ಸುತ್ತೋಲೆ ಸಂಖ್ಯೆ: ಹವಾತ/ಪೆಟ್ಟಿಗೆ/ನಿಷೇಧ/2

ವಿಷಯ: ನಿಷೇಧಿತ ಪೆಟ್ಟಿಗೆಯನ್ನು ಸರಿಯಾಗಿ ತಯಾರಿಸುವ ಬಗ್ಗೆ.

ಉಲ್ಲೇಖ:
(ಅ) ಈ ಕಚೇರಿಯ ಸುತ್ತೋಲೆ ಸಂಖ್ಯೆ 1, ಅನುಬಂಧ ಸಹಿತ.
(ಆ) ಕಾರು ತಯಾರಿಸಿದ ಕಂಪನಿಗೆ ಬರೆದ ಪತ್ರ. ಅದೇ ಪತ್ರ ಮರಳಿ ಬಂದದ್ದು.
(ಇ) ರೇಡಿಯೋ ರಿಪೇರಿ ಅಂಗಡಿಯ ಮಾಲೀಕರ (ಇನ್ನು ಮುಂದೆ 'ತಂಗಿ') ಅರ್ಜಿಗಳು, ಒಟ್ಟು ಹನ್ನೊಂದು.
(ಈ) ಅವರ ಒಡಹುಟ್ಟಿದವರ (ಹಿಂದೆಯೂ ಮುಂದೆಯೂ 'ಅಕ್ಕ') ಹೇಳಿಕೆ, ಒಂದು.

ಪೀಠಿಕೆ:

ತಂಗಿಯವರ ಮೂವತ್ತೊಂದು ವರ್ಷ ಹಳೆಯ ಕಾರಿನಲ್ಲಿ, ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿಯನ್ನು ಯಾವಾಗ ಹಾರಿಸಬೇಕು ಎಂದು ತೀರ್ಮಾನಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯು ಸುಟ್ಟುಹೋಗಿದ್ದು, ಅಂಥದ್ದು ಈಗ ಎಲ್ಲಿಯೂ ಸಿಗುತ್ತಿರುವುದಿಲ್ಲ. ಇಂಥ ಸಂದರ್ಭದಲ್ಲಿ ನಾಗರಿಕರು ಸಾಮಾನ್ಯವಾಗಿ ಕೈಚೆಲ್ಲಿ ಕೂರುವುದು ವಾಡಿಕೆ. ತಂಗಿಯವರು ಹಾಗೆ ಕೂರದೆ, ಸುಟ್ಟದ್ದನ್ನು ಬಿಚ್ಚಿ, ಎಂಟು ತಿಂಗಳು ತಲೆ ಕೆಡಿಸಿಕೊಂಡು, ಹೊಸದೊಂದನ್ನು ತಾವೇ ರೂಪಿಸಿ ಕಾರು ಓಡಿಸಿರುತ್ತಾರೆ. ಅಷ್ಟಕ್ಕೇ ಬಿಡದೆ, ಬೇಕಾದವರು ಮಾಡಿಕೊಳ್ಳಲಿ, ತಪ್ಪಿದ್ದರೆ ತಿದ್ದಲಿ ಎಂದು ಅದರ ನಕ್ಷೆಯನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿರುತ್ತಾರೆ. ತನ್ನ ತಪ್ಪನ್ನು ತಿದ್ದಿರೆಂದು ಸಾರ್ವಜನಿಕರನ್ನು ಕೇಳಿಕೊಳ್ಳುವುದು ಇಲಾಖೆಯ ಸುದೀರ್ಘ ಇತಿಹಾಸದಲ್ಲಿ ಕಂಡುಬಂದಿರುವುದಿಲ್ಲ. ಆದ್ದರಿಂದ ಕೂಡಲೇ ಪೆಟ್ಟಿಗೆಯನ್ನು ನಿಷೇಧಿಸಿ, ಕಾರನ್ನು ಜಪ್ತಿ ಮಾಡಲಾಯಿತು. ತದನಂತರದ ಬೆಳವಣಿಗೆಗಳನ್ನು ಗಮನದಲ್ಲಿರಿಸಿ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಪೆಟ್ಟಿಗೆಯ ಮೇಲೆ ಮೂಲ ಕಂಪನಿಯ ಮೊಹರು ಇರತಕ್ಕದ್ದು. ಕಂಪನಿಯು ಮುಚ್ಚಿ ಹದಿನೇಳು ವರ್ಷಗಳಾಗಿರುವುದು ಈ ನಿಯಮಕ್ಕೆ ಅಡ್ಡಿಯಾಗತಕ್ಕದ್ದಲ್ಲ. ಕಂಪನಿಯ ವಿಳಾಸದಲ್ಲಿ ಈಗ ಹಾಸಿಗೆ ಅಂಗಡಿಯಿದ್ದು, ಅಂಗಡಿಯವರು ತಮ್ಮ ಮೊಹರನ್ನೇ ಹಾಕಿಕೊಡಲು ಸಂತೋಷದಿಂದ ಒಪ್ಪಿರುತ್ತಾರೆ. ಹಾಸಿಗೆ ಮೊಹರಿನ ಸಿಂಧುತ್ವವು ಪರಿಶೀಲನೆಯಲ್ಲಿದೆ.

2. ನಿಷೇಧಿತ ಪೆಟ್ಟಿಗೆ ಹೇಗಿರುತ್ತದೆಂದೇ ತಿಳಿಯದೆ ಹಿಡಿಯುವುದು ಹೇಗೆ ಎಂದು ಶಾಖೆಗಳು ಕೇಳಿದ್ದರಿಂದ, ಸುತ್ತೋಲೆ 1ರೊಂದಿಗೆ ಅದರ ಪೂರ್ಣ ನಕ್ಷೆ, ಬಿಡಿಭಾಗಗಳ ಪಟ್ಟಿ ಮತ್ತು ಬೆಸುಗೆ ಹಾಕುವ ಕ್ರಮವನ್ನು ಇನ್ನೂರ ಹದಿನಾಲ್ಕು ಕಚೇರಿಗಳಿಗೆ ಕಳುಹಿಸಿ, ಸೂಚನಾ ಫಲಕದಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಅಂಟಿಸಲು ಆದೇಶಿಸಲಾಗಿತ್ತು. ತಂಗಿಯವರ ನಕ್ಷೆಯನ್ನು ಅಲ್ಲಿಯತನಕ ನೋಡಿದ್ದವರು ಹತ್ತೊಂಬತ್ತು ಮಂದಿ ಎಂಬುದು ಅನಂತರ ತಿಳಿದುಬಂತು. ಈಗ ಎಷ್ಟು ಮಂದಿ ಎಂದು ಯಾರೂ ಕೇಳತಕ್ಕದ್ದಲ್ಲ.

3. ಗುರುತು ಹಿಡಿಯುವ ಅಭ್ಯಾಸಕ್ಕೆಂದು ಇಲಾಖೆಯ ಏಳು ಮಂದಿ ಸದರಿ ಪೆಟ್ಟಿಗೆಯನ್ನು ಮನೆಯಲ್ಲಿ ತಯಾರಿಸಿ ತಮ್ಮ ತಮ್ಮ ಕಾರುಗಳಿಗೆ ಅಳವಡಿಸಿರುತ್ತಾರೆ. ಏಳೂ ಮಂದಿಯ ಬಳಿ ಅದೇ ಮಾದರಿಯ ಹಳೆಯ ಕಾರು ಇದ್ದದ್ದು ಬರೀ ಆಕಸ್ಮಿಕವೆಂದು ಏಳೂ ಮಂದಿ ಒಂದೇ ಕೈಬರಹದಲ್ಲಿ ಬರೆದುಕೊಟ್ಟಿದ್ದು, ಅದನ್ನು ನಂಬಲಾಗಿದೆ. ಏಳೂ ಕಾರುಗಳು ಕಪ್ಪು ಹೊಗೆ ಕಾರಿ, ಮೂರು ಬೀದಿ ದಾಟುವಷ್ಟರಲ್ಲಿ ನಿಂತುಹೋದವು. ಅವರಲ್ಲೊಬ್ಬರು ಹೊಗೆ ತಪಾಸಣಾ ಶಾಖೆಯ ಮುಖ್ಯಸ್ಥರು. ಅವರು ತಮಗೆ ತಾವೇ ನೋಟಿಸು ಜಾರಿ ಮಾಡಿ, ಅದನ್ನು ಸ್ವೀಕರಿಸಲು ನಿರಾಕರಿಸಿರುತ್ತಾರೆ.

4. ಇದು ನಕ್ಷೆಯ ದೋಷವೆಂದು ಭಾವಿಸಿ ತಂಗಿಯವರ ಮೇಲೆ ಎರಡನೇ ಪ್ರಕರಣ ದಾಖಲಿಸುವ ಹಂತದಲ್ಲಿ ಅವರ ಹನ್ನೊಂದನೇ ಅರ್ಜಿ ಬಂದಿತು. ಮೊದಲ ಹತ್ತರಲ್ಲಿ ಕಾರು ಬಿಟ್ಟುಕೊಡಿರೆಂದು ಬೇಡಿದ್ದವರು ಇದರಲ್ಲಿ ಕಾರಿನ ಮಾತೇ ಎತ್ತಿರುವುದಿಲ್ಲ. ಅರ್ಜಿಯ ಪೂರ್ಣಪಾಠ: "ನಿಮ್ಮ ಫಲಕದಲ್ಲಿ ಹದಿನಾಲ್ಕನೇ ರೆಸಿಸ್ಟರು ಹತ್ತು ಓಮ್ ಅಂತ ಹಾಕಿದ್ದೀರಿ. ಅದು ಹತ್ತು ಸಾವಿರ. ಹತ್ತು ಹಾಕಿದ್ರೆ ಇಂಜಿನ್ ಮಂಜುಗಡ್ಡೆ ಮೇಲೆ ನಿಂತಿದೆ ಅಂದ್ಕೊಂಡು ಪೆಟ್ಟಿಗೆ ಸಿಕ್ಕಾಪಟ್ಟೆ ಪೆಟ್ರೋಲ್ ಸುರಿಯತ್ತೆ. ನಿಷೇಧ ಮಾಡಿ, ನಾನು ಬೇಡ ಅನ್ನಲ್ಲ. ಆದ್ರೆ ತಪ್ಪು ನಕ್ಷೆ ಹಂಚಬೇಡಿ. ಪಾಪ, ಯಾರಾದ್ರೂ ನಂಬಿ ಮಾಡ್ಕೋತಾರೆ."

5. ಆದಕಾರಣ ಅನುಬಂಧದ ನಾಲ್ಕನೇ ಪುಟದಲ್ಲಿ '10' ಎಂದಿರುವುದನ್ನು '10,000' ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ಮೂರು ಸೊನ್ನೆಗಳು ಬೆರಳಚ್ಚು ವಿಭಾಗದಲ್ಲಿ ಮಿತವ್ಯಯದ ಅಂಗವಾಗಿ ಉಳಿತಾಯವಾಗಿದ್ದವು.

6. ನಿಷೇಧಿತ ಪೆಟ್ಟಿಗೆಯಲ್ಲಿ ಇನ್ನೇನಾದರೂ ತಪ್ಪು ಕಂಡುಬಂದಲ್ಲಿ ಸಿಬ್ಬಂದಿಯು ತಂಗಿಯವರಿಗೆ ತಿಳಿಸಿ, ತಿದ್ದಿಸಿ, ಓಡಿಸಿ ನೋಡಿ, ಚೆನ್ನಾಗಿ ಓಡಿದ ಬಳಿಕ ಇಲಾಖೆಗೆ ವರದಿ ಮಾಡತಕ್ಕದ್ದು. ಸುಧಾರಿಸಿದ ಪೆಟ್ಟಿಗೆಯನ್ನು ಮೊದಲಿಗಿಂತ ಹೆಚ್ಚಿನ ಗಾಂಭೀರ್ಯದಿಂದ ನಿಷೇಧಿಸಿ, ಹೊಸ ನಕ್ಷೆಯನ್ನು ಫಲಕಕ್ಕೆ ಅಂಟಿಸಲಾಗುವುದು.

7. ಜಪ್ತಿಯಾದ ಪ್ರತಿಯೊಂದು ವಾಹನವನ್ನು ದಿನಕ್ಕೊಮ್ಮೆ ಚಾಲೂ ಮಾಡಿಡುವುದು ಇಲಾಖೆಯ ಹೊಣೆ. ಸದರಿ ಕಾರಿನ ಕೀಲಿಯನ್ನು ಅರ್ಧ ತಿರುಗಿಸಿ, ಪೆಟ್ರೋಲ್ ಪಂಪಿನ ಗುಂಯ್‌ಗುಡುವ ಸದ್ದು ನಿಲ್ಲುವ ತನಕ ಕಾಯಬೇಕಾಗಿದ್ದು, ಕಾಯುವಷ್ಟು ತಾಳ್ಮೆಯುಳ್ಳ ಸಿಬ್ಬಂದಿ ಲಭ್ಯವಿರಲಿಲ್ಲ. ಆದ್ದರಿಂದ ತಂಗಿಯವರೇ ದಿನವೂ ಅಂಗಡಿ ಬಾಗಿಲೆಳೆದು, ಎರಡು ಬಸ್ಸು ಬದಲಿಸಿ ಬಂದು, ತಮ್ಮ ಕಾರನ್ನು ಇಲಾಖೆಯ ಪರವಾಗಿ ಹತ್ತು ನಿಮಿಷ ಚಾಲೂ ಇಟ್ಟು, ಗಾಜು ಒರೆಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ, ಎರಡು ಬಸ್ಸು ಬದಲಿಸಿ ಹಿಂದಿರುಗಿರುತ್ತಾರೆ. ಹೀಗೆ ನಲವತ್ತಮೂರು ಸಹಿಗಳಿವೆ. ಅಷ್ಟೂ ಹೊತ್ತು ಅಕ್ಕ ಮನೆಯಲ್ಲಿ ಒಬ್ಬರೇ ಇದ್ದರೆಂಬುದನ್ನು ನಮೂದಿಸಲು ರಿಜಿಸ್ಟರಿನಲ್ಲಿ ಕಾಲಂ ಇರುವುದಿಲ್ಲ.

8. ಅಕ್ಕನವರಿಗೆ ನಡೆಯಲಾಗುವುದಿಲ್ಲ. ಸದರಿ ಕಾರಿನ ಮುಂದಿನ ಸೀಟು ಬಾಗಿಲಿನಾಚೆಗೆ ತಿರುಗಿ ಬರುವಂತೆ ತಂಗಿಯವರು ಮಾಡಿದ್ದು, ಯಾರೂ ಎತ್ತದೆ ಅಕ್ಕ ತಾವೇ ಅದಕ್ಕೆ ಸರಿದು ಕೂರಬಲ್ಲರು. ತನಿಖೆಗೆ ಮನೆಗೆ ಹೋದ ಗುಮಾಸ್ತರು ದಾಖಲಿಸಿಕೊಂಡ ಅಕ್ಕನವರ ಹೇಳಿಕೆ: "ಬೇರೆ ಕಾರು ತಗೊಳ್ಳಿ ಅಂತೀರಲ್ಲ, ಅದರೊಳಗೆ ನನ್ನನ್ನ ಮೂಟೆ ಥರ ಎತ್ತಿ ಹಾಕ್ಬೇಕು. ಹಾಗೆ ನಾನು ಹೋಗಲ್ಲ. ದಿನಾ ಸಂಜೆ ಸೇತುವೆ ತನಕ ಹೋಗಿ, ನೀರು ನೋಡ್ಕೊಂಡು ಬರ್ತಿದ್ವಿ, ಅಷ್ಟೇ. ಈಗ ಕಿಟಕಿ ಎದುರಿನ ಲೈಟು ಕಂಬ ಒಂದೇ ಗತಿ. ಅದಕ್ಕೂ ನನ್ನ ಮುಖ ನೋಡಿ ನೋಡಿ ಸಾಕಾಗಿರತ್ತೆ. ಕಾಫಿ ಕುಡೀರಿ, ಆರಿಹೋಗತ್ತೆ." ಗುಮಾಸ್ತರು ಕುಡಿದಿರುತ್ತಾರೆ. ಈ ಸುತ್ತೋಲೆಯ ಕರಡನ್ನು ಬರೆದವರೂ ಅವರೇ. ಬರೆಯುವಾಗ ಅವರಿಗೆ ನಾಚಿಕೆಯಾಯಿತು ಎಂಬ ವಾಕ್ಯವನ್ನು ತೆಗೆದುಹಾಕಲು ಮೇಲಧಿಕಾರಿಗಳು ಸೂಚಿಸಿದ್ದರು; ಕಣ್ತಪ್ಪಿನಿಂದ ಉಳಿದುಕೊಂಡಿದೆ.

9. ಜಪ್ತಿಯನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. ಆದರೆ ಜಪ್ತಿ ಮಾಲನ್ನು ಎಲ್ಲಿ ಇಡಬೇಕೆಂದು ನಿಯಮದಲ್ಲಿ ಹೇಳಿರುವುದಿಲ್ಲ. ಆದುದರಿಂದ ಸದರಿ ಕಾರನ್ನು ಇಂದಿನಿಂದ ತಂಗಿಯವರ ಮನೆಯ ಮುಂದೆ ಜಪ್ತಿಯಲ್ಲಿ ಇರಿಸಲಾಗಿದೆ. ಅದನ್ನು ಸುಸ್ಥಿತಿಯಲ್ಲಿಡಲು ತಂಗಿಯವರು ದಿನವೂ ಸಂಜೆ ಕನಿಷ್ಠ ಸೇತುವೆಯ ತನಕ ಓಡಿಸತಕ್ಕದ್ದು. ತಪ್ಪಿಸಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಜಪ್ತಿ ಮಾಲು ಕಣ್ಮರೆಯಾಗದಂತೆ ನೋಡಿಕೊಳ್ಳಲು ಅಕ್ಕನವರನ್ನು ಕಾವಲು ಸಾಕ್ಷಿಯಾಗಿ ನೇಮಿಸಿದ್ದು, ಅವರು ಮುಂದಿನ ಸೀಟಿನಲ್ಲೇ ಕುಳಿತಿರತಕ್ಕದ್ದು. ಕಾರು ಓಡುತ್ತಿರುವಾಗಲೂ ದಾಖಲೆಗಳಲ್ಲಿ 'ನಿಂತಿದೆ' ಎಂದೇ ನಮೂದಿಸತಕ್ಕದ್ದು.

ಮೇಲಿನ ಸೂಚನೆಗಳನ್ನು ಅರ್ಥವಾಗದಿದ್ದರೂ ಪಾಲಿಸತಕ್ಕದ್ದು.

ಸಹಿ/-
ಮುಖ್ಯ ಅಧೀಕ್ಷಕರು
(ಏಳು ಕಾರುಗಳಲ್ಲಿ ಒಂದು ತಮ್ಮದೇ ಆಗಿರುವುದರಿಂದ ಬಸ್ಸಿನಲ್ಲಿ ಬಂದು ಸಹಿ ಮಾಡಿರುತ್ತಾರೆ)

ಪ್ರತಿಗಳು:
1. ಇನ್ನೂರ ಹದಿನಾಲ್ಕು ಕಚೇರಿಗಳಿಗೆ: ಫಲಕಕ್ಕೆ ಅಂಟಿಸಲು. ಅಂಟಿಸುವ ಮುನ್ನ ಸೊನ್ನೆಗಳನ್ನು ಎಣಿಸಲು.
2. ಹೊಗೆ ತಪಾಸಣಾ ಶಾಖೆಯ ಮುಖ್ಯಸ್ಥರಿಗೆ: ತಮ್ಮ ನೋಟಿಸನ್ನು ತಮ್ಮ ಬಾಗಿಲಿಗೆ ತಾವೇ ಅಂಟಿಸಿಕೊಳ್ಳಲು.
3. ಹಾಸಿಗೆ ಅಂಗಡಿಗೆ: ಆತುರಪಡದಿರಲು.
4. ತಂಗಿಯವರಿಗೆ: ಮುಖ್ಯ ಅಧೀಕ್ಷಕರು ಭಾನುವಾರ ತಮ್ಮ ಪೆಟ್ಟಿಗೆಯೊಂದಿಗೆ ಅಂಗಡಿಗೆ ಬರಲಿದ್ದು, ನೋಡಿಯೂ ನೋಡದಂತೆ ಹದಿನಾಲ್ಕನೇ ರೆಸಿಸ್ಟರನ್ನು ಬದಲಿಸಿಕೊಡಲು.
5. ಲೈಟು ಕಂಬಕ್ಕೆ: ಇನ್ನು ಸಂಜೆ ಹೊತ್ತು ಕಾಯದಿರಲು.
6. ಅಕ್ಕನವರಿಗೆ: ಇಂದೇ ಸಂಜೆ ಕರ್ತವ್ಯಕ್ಕೆ ಹಾಜರಾಗಲು. ಸೇತುವೆಯ ಮೇಲೆ ಕಾರು ಎಷ್ಟು ಹೊತ್ತು ನಿಂತರೂ ಇಲಾಖೆಯ ಅಭ್ಯಂತರವಿರುವುದಿಲ್ಲ.