ಶ್ಯಾಮಣ್ಣ ಮಾಡಿಸಿದ ಆಣೆ ಪ್ರಮಾಣ

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಕಳಶ ಕೂರಿಸಿ, ಸೀರೆ ಉಡಿಸಿ, ದೇವಿಯ ಮುಖ ಕಟ್ಟಿ, ಎಲ್ಲ ಆದಮೇಲೆ ಕೋಕಿಲಾಳಿಗೆ ತಾವರೆ ಹೂವು ತರಿಸಿಲ್ಲ ಅನ್ನುವುದು ನೆನಪಾಯಿತು. ಅವಳು ಅಡುಗೆಮನೆಯಿಂದಲೇ ಕೂಗಿದಳು.

"ರೀ, ಒಂದು ಜೊತೆ ತಾವರೆ ಬೇಕಿತ್ತು. ಹಾರ್ಕೊಂಡು ಹೋಗಿ ಬಂದ್ಬಿಡಿ."

ಬೇರೆ ಗಂಡಂದಿರಿಗೆ ಹೀಗೆ ಹೇಳಿದರೆ ಸ್ಕೂಟರ್ ಹತ್ತುತ್ತಾರೆ. ಶ್ಯಾಮಸುಂದರ ಮಾತ್ರ ಬಾಲ್ಕನಿಗೆ ಹೋಗಿ ನಿಜವಾಗಿಯೂ ಹಾರಿದ.

ಮೂರು ವರ್ಷದ ಹಿಂದೆ ಬಸವೇಶ್ವರನಗರದ ಅವರ ಬೀದಿಯ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಢಮ್ಮೆಂದು ಸಿಡಿದಾಗ, ಅದರ ಕೆಳಗೆ ಕರಿಬೇವಿನ ಕಟ್ಟು ಹಿಡಿದು ನಡೆಯುತ್ತಿದ್ದವನು ಇವನೇ. ನಾಗರಬಾವಿಯ ಒಂದು ಕಾಲೇಜಿನ ಗುಮಾಸ್ತ. ಕರಿಬೇವು ಸುಟ್ಟು ಬೂದಿಯಾಯಿತು, ಇವನು ನೆಲದಿಂದ ಮೂರಡಿ ಮೇಲೆ ತೇಲುತ್ತಿದ್ದ. ಅಂದಿನಿಂದ ಹಾರಲು ಬರುತ್ತದೆ, ಆನೆಯ ಬಲವೂ ಬಂದಿದೆ. ಲೋಕೋದ್ಧಾರಕ್ಕೆ ಬೇಕಾಗುತ್ತದೆಂದು ಕೋಕಿಲಾ ಹಳೆಯ ಪರದೆ ಬಟ್ಟೆಯಲ್ಲಿ ಒಂದು ನೀಲಿ ಅಂಗಿ ಹೊಲಿದುಕೊಟ್ಟಳು. ಗುರುತು ಸಿಗಬಾರದೆಂದು ಇವನು ಮಂಕಿ ಕ್ಯಾಪ್ ಹಾಕಿಕೊಂಡ. ಮೊದಲ ದಿನವೇ ಎದುರು ಮನೆಯ ಮುನಿಲಕ್ಷ್ಮಮ್ಮ, "ಶ್ಯಾಮಣ್ಣಾ, ಹೆಂಗೂ ಮೇಲ್ ಹೋಗ್ತಿದೀಯ, ನಮ್ ಟ್ಯಾಂಕ್ ಮುಚ್ಚಳ ಸ್ವಲ್ಪ ಸರಿ ಮಾಡಪ್ಪಾ" ಎಂದರು. ಗುಟ್ಟು ಅಲ್ಲಿಗೆ ಮುಗಿಯಿತು. ಆಮೇಲಿನ ಲೋಕೋದ್ಧಾರವೆಲ್ಲ ಕಿಟಕಿಯ ಸಜ್ಜೆಯ ಮೇಲೆ ಬಿದ್ದ ಬನಿಯನ್ ತೆಗೆದುಕೊಡುವುದು, ಮೂರನೇ ಮಹಡಿಗೆ ಸಿಲಿಂಡರ್ ಏರಿಸುವುದು, ಮಾಗಡಿ ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸು ತಳ್ಳುವುದು, ಮೋರಿಗೆ ಇಳಿದದ್ದನ್ನು ಎತ್ತುವುದು, ಇಷ್ಟೇ. ಒಂದಾದರೂ ದೊಡ್ಡ ಕೆಲಸ ಮಾಡಬೇಕು ಅನ್ನುವ ಆಸೆ ಪಾಪ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅದು ಆ ಬೆಳಿಗ್ಗೆ ಗೋವಿಂದರಾಜನಗರದ ಹೂವಿನಂಗಡಿಗಳ ಸಾಲಿನಲ್ಲಿ ಸಿಕ್ಕಿತು. ಮೇಲಿನಿಂದ ನೋಡುತ್ತಾನೆ, ಒಬ್ಬಳು "ಆಂಟಿ, ಹೂ ಜಾರ್ತಾ ಇದೆ, ತಾಳಿ" ಎಂದು ಯಾರದೋ ಮುಡಿ ಸರಿಮಾಡುತ್ತಿದ್ದಾಳೆ. ಅವಳ ಗಂಡ ಅದೇ ಆಂಟಿಯ ಚೀಲದಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಪರ್ಸು ತೆಗೆಯುತ್ತಿದ್ದಾನೆ. ಶ್ಯಾಮಸುಂದರ ಇಳಿದು, ಪರ್ಸನ್ನು ಆಂಟಿಯ ಚೀಲಕ್ಕೆ ವಾಪಸು ಹಾಕಿ, ಗಂಡ ಹೆಂಡತಿ ಇಬ್ಬರನ್ನೂ ಎತ್ತಿಕೊಂಡು ಒಂದು ಕಟ್ಟಡದ ತಾರಸಿಗೆ ಹೋದ. ಗಂಡನ ಹೆಸರು ಶ್ರೀರಾಮ್, ಹೆಂಡತಿಯ ಹೆಸರು ಇಂಚರಾ. ಹೆಸರು ಕೇಳಿದರೆ ಸಂಗೀತ ಶಾಲೆ ನಡೆಸುವವರು ಅನ್ನಬೇಕು.

"ಸಾರ್, ಸ್ಟೇಷನ್ ಬೇಡ ಸಾರ್" ಎಂದ ಶ್ರೀರಾಮ್.

"ಸ್ಟೇಷನ್‌ಗೆ ಯಾಕಪ್ಪಾ ಕರ್ಕೊಂಡ್ ಹೋಗ್ಲಿ? ಕಳ್ಳನ್ನ ಹಿಡಿಯೋದು ದೊಡ್ಡದಲ್ಲ, ಕಳ್ಳತನ ಬಿಡಿಸೋದು ದೊಡ್ಡದು" ಎಂದ ಶ್ಯಾಮಸುಂದರ. ಈ ಮಾತನ್ನು ಅವನು ಬಹಳ ದಿನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿಟ್ಟುಕೊಂಡಿದ್ದ. "ಯಾಕೆ ಕದೀತೀರಿ ನೀವು?"

"ಬೇರೆ ಏನೂ ಬರಲ್ಲ ಸಾರ್. ಕೈ ನಂದು, ಕಣ್ಣು ಇವಳದು. ಯಾವುದು ಚಿನ್ನ, ಯಾವುದು ಕವರಿಂಗ್ ಅಂತ ಹತ್ತಡಿ ದೂರದಿಂದ ಹೇಳ್ತಾಳೆ. ನಂಗೆ ಎಲ್ಲಾ ಒಂದೇ ಥರ ಹೊಳೀತದೆ."

ಶ್ಯಾಮಸುಂದರನ ಸಿದ್ಧಾಂತವೇ ಬೇರೆ ಇತ್ತು. ಇವರನ್ನು ಯಾರೂ ಒಂದು ದಿನವೂ "ಬನ್ನಿ, ಕೂತ್ಕೊಳ್ಳಿ" ಎಂದು ಕರೆದಿಲ್ಲ, ಅದಕ್ಕೇ ಕದಿಯುತ್ತಾರೆ. ನಾಲ್ಕು ಮನೆಯಲ್ಲಿ ಮರ್ಯಾದೆ ಸಿಕ್ಕರೆ ಆ ಮನೆಗಳಿಗೆ ಕೈ ಹಾಕಲು ಮನಸ್ಸು ಬಾರದು. ಅದಕ್ಕೆ ಮೊದಲು ಇಬ್ಬರನ್ನೂ ತಾರಸಿಯ ಅಂಚಿನಿಂದ ಆಚೆಗೆ ಎತ್ತಿ ಹಿಡಿದು, "ಇನ್ಮೇಲೆ ಕದಿಯಲ್ಲ, ಸುಳ್ಳು ಹೇಳಲ್ಲ ಅಂತ ಮಹಾಲಕ್ಷ್ಮಿ ಮೇಲೆ ಆಣೆ ಮಾಡಿ" ಎಂದ.

"ಸುಳ್ಳು ಯಾಕೆ ಸಾರ್ ಅದರಲ್ಲಿ ಸೇರಿಸ್ತೀರಾ?" ಎಂದಳು ಇಂಚರಾ, ಕೆಳಗೆ ನೋಡದೆ.

"ಎರಡೂ ಅಕ್ಕ ತಂಗಿ ಕಣಮ್ಮ. ಒಂದನ್ನ ಬಿಟ್ಟು ಒಂದು ಇರಲ್ಲ."

ಮೂರು ಮಹಡಿ ಎತ್ತರದಲ್ಲಿ ನೇತಾಡುವವರು ಚರ್ಚೆ ಮಾಡುವುದಿಲ್ಲ. ಆಣೆ ಮಾಡಿದರು. ಆದರೆ ಒಂದು ಮಾತು ಹೇಳಬೇಕು, ಅವರು ದೈವಭಕ್ತ ಕಳ್ಳರು. ಮಾಡಿದ ಆಣೆಯನ್ನು ಮುರಿಯುವ ಪೈಕಿ ಅಲ್ಲ.

ತಾವರೆಯ ಜೊತೆಗೆ ಕಳ್ಳರನ್ನೂ ತಂದ ಗಂಡನನ್ನು ನೋಡಿ ಕೋಕಿಲಾ ಹುಬ್ಬು ಗಂಟಿಕ್ಕಿದಳು. ಹೋದ ವರ್ಷ ಇವನು ಉದ್ಧಾರ ಮಾಡಲು ತಂದ ಕುಡುಕನೊಬ್ಬ ಮೂರು ಲೀಟರಿನ ಕುಕ್ಕರ್ ಎತ್ತಿಕೊಂಡು ಹೋಗಿದ್ದ.

"ಇವರು ನಮ್ಮ ಕಾಲೇಜ್ ಕಡೆಯೋರು" ಎಂದು ಶ್ಯಾಮಸುಂದರ ಶುರು ಮಾಡಿದ.

"ಇಲ್ಲ ಅಕ್ಕ, ನಾವು ಕಳ್ಳರು" ಎಂದಳು ಇಂಚರಾ. "ಬೆಳಿಗ್ಗೆಯಿಂದ ಬಿಟ್ಟಿದೀವಿ."

ಕೋಕಿಲಾಳಿಗೆ ನಗು ತಡೆಯಲಾಗಲಿಲ್ಲ. ಅಲ್ಲದೆ, ಈ ದಿನ ಬಾಗಿಲಿಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವ ಹಾಗಿಲ್ಲ. ಮಣೆ ಹಾಕಿ ಕೂರಿಸಿದಳು, ಒಬ್ಬಟ್ಟು ಬಡಿಸಿದಳು. "ಸಂಜೆ ನನ್ ಜೊತೆ ಬಾರಮ್ಮ, ನಾಲ್ಕು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ ಬರೋಣ" ಎಂದಳು. ಇಂಚರಾ ಒಬ್ಬಟ್ಟು ಬಾಯಲ್ಲಿಟ್ಟುಕೊಂಡೇ ಅತ್ತಳು. ತನ್ನ ಸಿದ್ಧಾಂತ ಗೆದ್ದಿತೆಂದು ಶ್ಯಾಮಸುಂದರ ಉಬ್ಬಿಹೋದ.

ಉಬ್ಬಿದ್ದು ದೇವಿಯ ಕಡೆ ಕಣ್ಣು ಹೋಗುವವರೆಗೆ ಮಾತ್ರ. ದೇವಿಯ ಕೊರಳಲ್ಲಿ ಅವಲಕ್ಕಿ ಸರ ಇತ್ತು. ಅವನ ತಾಯಿ ಸಾಯುವ ಮೊದಲು ಸೊಸೆಯ ಕೈಗಿಟ್ಟು ಹೋದ ಸರ. ಅಂದರೆ, ಬೀದಿಯವರೆಲ್ಲ ಹಾಗೆ ತಿಳಿದಿದ್ದರು. ನಿಜ ಗೊತ್ತಿರುವವನು ತಾನೊಬ್ಬನೇ ಎಂದು ಇವನ ಲೆಕ್ಕ. ಕಳೆದ ದೀಪಾವಳಿಗೆ ಕೋಕಿಲಾ ಪಾಲಿಶ್ ಮಾಡಿಸಲೆಂದು ಸರ ಕೊಟ್ಟು ರಾಜಾಜಿನಗರಕ್ಕೆ ಕಳಿಸಿದ್ದಳು. ನಡುವೆ ಕೆಂಗೇರಿಯಲ್ಲಿ ಬಸ್ಸೊಂದು ಮೋರಿಗೆ ಇಳಿದಿದೆ ಎಂದು ಫೋನು ಬಂತು. ಇವನು ಅತ್ತ ಹಾರಿ, ಬಸ್ಸೆತ್ತಲು ಬಗ್ಗಿದಾಗ ಜೇಬಿನಲ್ಲಿದ್ದ ಸರ ಜಾರಿ ವೃಷಭಾವತಿಯ ಕಪ್ಪು ನೀರಿಗೆ ಬಿತ್ತು. ಹನ್ನೆರಡು ಟನ್ನಿನ ಬಸ್ಸು ಎತ್ತಿದವನಿಗೆ ಹೆಂಡತಿಯ ಎದುರು ಬಾಯಿ ಎತ್ತುವ ಧೈರ್ಯ ಬರಲಿಲ್ಲ. ಫ್ಯಾನ್ಸಿ ಅಂಗಡಿಯಿಂದ ಅದೇ ಮಾದರಿಯ ಕವರಿಂಗ್ ಸರ ತಂದು ಕೊಟ್ಟ. ಕೋಕಿಲಾ ಏನೂ ಕೇಳದೆ ಒಳಗಿಟ್ಟಳು. ಒಂಬತ್ತು ತಿಂಗಳಿಂದ ಆ ಸರ ಅವನ ಎದೆಯ ಮೇಲೆ ಕೂತಿತ್ತು. ಅವಳಿಗೆ ಗೊತ್ತಾದರೆ ಬೈಯುತ್ತಾಳೆ ಅನ್ನುವುದಲ್ಲ, ಇನ್ನೆಂದೂ ನಂಬುವುದಿಲ್ಲ ಅನ್ನುವುದೇ ಅವನ ಭಯ.

ಸಂಜೆ ಐದಕ್ಕೆ ಹೆಂಗಸರಿಬ್ಬರೂ ಹೊರಟರು. ಶ್ರೀರಾಮ್ ಮತ್ತು ಶ್ಯಾಮಸುಂದರ ಮನೆಯಲ್ಲಿ ಉಳಿದರು.

ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಶ್ಯಾಮಸುಂದರನೊಬ್ಬನೇ ಗಂಡಸು. ಸಿಲಿಂಡರಿಗೆ ಬೇಕಾಗುತ್ತಾನೆಂದು ಸೇರಿಸಿಕೊಂಡಿದ್ದರು. ಐದೂಕಾಲಿಗೆ ಮೊದಲ ಸಂದೇಶ ಬಂತು. 'ಕೋಕಿಲಾ ಜೊತೆ ಬಂದಿರೋಳು ಯಾರು?' ಐದೂವರೆಗೆ, 'ಅವಳನ್ನ ಮನೆಗೆ ಸೇರಿಸ್ಬೇಡಿ.' ಆಮೇಲೆ ಮೂಲೆ ಮನೆಯ ಮಾಲವಿಕಾಳಿಂದ ಹದಿನೇಳು ಅಳುವ ಮುಖಗಳು.

ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಬಿರುಗಾಳಿಯಂತೆ ನುಗ್ಗಿ ಬಂದು, ದೇವಿಯ ಎದುರು ಕುರ್ಚಿ ಎಳೆದು ಕೂತರು.

"ಏನಪ್ಪಾ ಶ್ಯಾಮಣ್ಣ, ಎಂಥೋಳನ್ನ ತಂದಿದೀಯ! ಬೆಳಿಗ್ಗೆವರೆಗೂ ಕಳ್ಳಿಯಾಗಿದ್ದೆ ಅಂತ ತಾನೇ ಹೇಳ್ಕೊಂಡ್ಲು. ನಮ್ಮನೇಲಿ ಕೂರ್ಸಿ ಕುಂಕುಮ ಕೊಟ್ಟು, ಅಲಂಕಾರ ಹೆಂಗಿದೆಯಮ್ಮಾ ಅಂದೆ. ಹತ್ತು ಜನರ ಮುಂದೆ, 'ಚೆನ್ನಾಗಿದೆ ಆಂಟಿ, ಡಾಬು ಮಾತ್ರ ಕವರಿಂಗು. ಆದ್ರೂ ಕೆಲಸ ನೀಟಾಗಿದೆ' ಅಂತಾಳೆ!"

"ಅಯ್ಯೋ."

"ಮಾಲವಿಕಾ ಮನೇಲಿ ಇನ್ನೂ ಚೆಂದ. ಅವರತ್ತೆ, ಸೊಸೆಗೆ ಮದುವೇಲಿ ನಲವತ್ತು ವರ್ಷದ ಹಳೇ ಚಿನ್ನ ಹಾಕಿದೀನಿ ಅಂತ ಹೇಳ್ಕೊಂಡ್ ತಿರುಗ್ತಿದ್ರಲ್ಲ, ಅದು ಒಂದು ಗ್ರಾಂ ಗೋಲ್ಡಂತೆ. ಎರಡು ವರ್ಷದ್ದಂತೆ! ಅತ್ತೆ ರೂಮ್ ಬಾಗಿಲು ಹಾಕ್ಕೊಂಡಿದಾರೆ. ಅವಳು ಕಳ್ಳಿಯಾಗಿದ್ದಾಗ ಬರೀ ಸಾಮಾನು ಹೋಗ್ತಿತ್ತು ಕಣಪ್ಪಾ, ಈಗ ಮಾನ ಹೋಗ್ತಿದೆ!"

"ಕೋಕಿಲಾ ಏನಂದ್ಲು?" ಶ್ಯಾಮಸುಂದರನ ದನಿ ಇಲಿಯದಾಗಿತ್ತು.

"ಅವಳೇ ಎಲ್ಲಾರನ್ನೂ ಕರ್ಕೊಂಡ್ ಬರ್ತಿದಾಳೆ. 'ನಮ್ಮತ್ತೆ ಸರಾನೂ ನೋಡ್ಲಿ, ನಮ್ದು ನಿಮ್ದು ಅಂತ ಭೇದ ಯಾಕೆ' ಅಂತ. ಅಲ್ಲೀವರ್ಗೂ ನಾನು ಇಲ್ಲೇ ಕೂತು ಕಾಯ್ತೀನಿ. ಯಾರೂ ಬದಲಾಯಿಸೋ ಹಾಗಿಲ್ಲ."

ಶ್ಯಾಮಸುಂದರ ಶ್ರೀರಾಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದ. "ಆಯಮ್ಮನ ಕಣ್ಣೆದುರಿಗೇ ಆ ಸರ ಮಾಯ ಆಗ್ಬೇಕು. ನನ್ನ ಕೈಲಾಗಲ್ಲ, ನಿನ್ನ ಕೈಲಾಗುತ್ತೆ."

"ಕದಿಯಲ್ಲ ಸಾರ್. ಆಣೆ ಮಾಡಿದೀನಿ."

"ನನ್ನ ಮನೆ, ನನ್ನ ಸರ, ನಾನೇ ಹೇಳ್ತಿದೀನಿ. ಕಳ್ಳತನ ಹೇಗಾಗುತ್ತೋ?"

"ಹಾಗಾದ್ರೆ ಅಕ್ಕಂಗೂ ಹೇಳಿ ತಗೋತೀನಿ."

"ಅಕ್ಕಂಗೆ ಹೇಳ್ಬಾರ್ದು!"

"ಹಂಗಂದ್ರೆ ಅದು ಕಳ್ಳತನಾನೇ ಸಾರ್" ಎಂದ ಶ್ರೀರಾಮ್ ದುಃಖದಿಂದ.

ಬಸ್ಸೆತ್ತುವ ವೀರ ಅಡುಗೆಮನೆಯಲ್ಲಿ ಕಳ್ಳನ ಕಾಲಿಗೆ ಬೀಳಲು ಬಗ್ಗಿದ. ಅಷ್ಟು ದೊಡ್ಡ ಮನುಷ್ಯ ಬಗ್ಗುವುದನ್ನು ಶ್ರೀರಾಮನಿಂದ ನೋಡಲಾಗಲಿಲ್ಲ. ಬೀದಿಯ ತುದಿಯಲ್ಲಿ ಹೆಂಗಸರ ಗದ್ದಲ ಕೇಳಿಸುತ್ತಿತ್ತು. "ಒಂದೇ ಸಲ ಸಾರ್" ಎಂದು ಹೊರಬಂದ. ಶ್ಯಾಮಸುಂದರ ಪೊರಕೆ ಹಿಡಿದು ಮೇಲಕ್ಕೆ ತೇಲಿ ಸೀಲಿಂಗಿನ ಜೇಡರ ಬಲೆ ಹೊಡೆಯತೊಡಗಿದ.

"ಹಬ್ಬದ ದಿನ ದೀಪ ಹಚ್ಚೋ ಹೊತ್ನಲ್ಲಿ ಪೊರಕೆ ಹಿಡೀತಾರೇನೋ, ದರಿದ್ರ!" ಮುನಿಲಕ್ಷ್ಮಮ್ಮ ತಲೆ ಎತ್ತಿ ಬೈದು ಮುಗಿಸುವಷ್ಟರಲ್ಲಿ ಶ್ರೀರಾಮ್ ದೇವರಿಗೆ ಕೈಮುಗಿದು, ಹಾರ ಸರಿಮಾಡಿ, ಚಪ್ಪಲಿ ಮೆಟ್ಟಿ ಗೇಟು ದಾಟಿದ್ದ. ಹೂವಿನ ಹಾರ ದೇವಿಯ ಕೊರಳನ್ನು ಪೂರ್ತಿ ಮುಚ್ಚಿತ್ತು.

ಐದು ನಿಮಿಷದಲ್ಲಿ ಹೆಂಗಸರು ಬಂದರು. ಕೋಕಿಲಾ ದೇವಿಯ ಹಾರ ಸರಿಸಿದಳು. ಕೊರಳು ಬರಿದಾಗಿತ್ತು.

"ಸರ ಎಲ್ಲಿ?"

"ಅಯ್ಯಯ್ಯೋ, ಕಳವಾಯ್ತಾ?" ಎಂದು ಶ್ಯಾಮಸುಂದರ ಎದೆಗೆ ಕೈಯಿಟ್ಟುಕೊಂಡ. ನಟನೆ ಸ್ವಲ್ಪ ಹೆಚ್ಚಾಯಿತು. ಆದರೆ ಒಂಬತ್ತು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. "ಹೋದ್ರೆ ಹೋಗ್ಲಿ ಬಿಡೇ. ಯಾರ ಋಣದಲ್ಲಿತ್ತೋ. ಅಳಬೇಡ."

ಕೋಕಿಲಾ ಅಳಲಿಲ್ಲ. ನೆಲದ ಮೇಲೆ ಕುಸಿದು ಕೂತಳು. "ನಿನ್ನೆ ತಾನೇ ಲಾಕರಿಂದ ತಂದಿದ್ದೆ ಕಣ್ರೀ."

"ಲಾಕರಿಂದ?"

"ಮತ್ತೆ? ಕುಕ್ಕರ್ ಹೋದ ದಿನವೇ ಅತ್ತೆ ಸರ ಲಾಕರಲ್ಲಿಟ್ಟೆ. ದೀಪಾವಳೀಲಿ ನಿಮ್ ಕೈಗೆ ಪಾಲಿಶ್‌ಗೆ ಕೊಟ್ಟಿದ್ದು ಕವರಿಂಗು. ನೀವು ಹುಷಾರಾಗಿ ತಂದ್ರೆ ಆಮೇಲೆ ನಿಜವಾದ್ದು ಕೊಡೋಣ ಅಂತ. ನೀವು ತಂದಿದ್ದು ಬೇರೆ ಕವರಿಂಗು, ಕೊಂಡಿ ನೋಡಿದ ತಕ್ಷಣ ಗೊತ್ತಾಯ್ತು. ಪಾಪ, ಎಲ್ಲೋ ಕಳ್ಕೊಂಡಿದಾರೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಒಂಬತ್ತು ತಿಂಗಳು ಕಾದೆ. ನೀವು ಬಾಯೇ ಬಿಡ್ಲಿಲ್ಲ. ಇವತ್ತು ಎಲ್ಲರ ಮುಂದೆ ಇವಳು ಇದು ಚಿನ್ನ ಅಂದ್ರೆ ನಿಮ್ ಮುಖ ಹೇಗಾಗುತ್ತೆ ನೋಡೋಣ ಅಂತಿದ್ದೆ."

ಅವನ ಮುಖ ಹೇಗಾಯಿತೋ ಯಾರೂ ನೋಡಲಿಲ್ಲ. ಗಾಬರಿಯಾದರೆ ಅವನು ತಾನಾಗಿ ಮೇಲೇರುತ್ತಾನೆ. ಆಗಲೇ ಬೆನ್ನು ಸೀಲಿಂಗಿಗೆ ಅಂಟಿತ್ತು.

"ಇವಳ ಗಂಡ ಎಲ್ಲಿ?" ಮುನಿಲಕ್ಷ್ಮಮ್ಮ ಇಂಚರಾಳ ಕೈ ಹಿಡಿದರು. "ಅವನೇ ಎತ್ತಿರೋದು! ನಾಯಿ ಬಾಲ ಡೊಂಕು!"

"ಇಲ್ಲ ಆಂಟಿ, ಅವರು ಆಣೆ ಮಾಡಿದಾರೆ, ತಗಳಲ್ಲ" ಎಂದಳು ಇಂಚರಾ. ಹಣೆಯಲ್ಲಿ ನಾಲ್ಕು ಮನೆಯ ಕುಂಕುಮ ಹಾಗೇ ಇತ್ತು. ಬೆಳಿಗ್ಗೆ ಒಬ್ಬಟ್ಟು ತಿನ್ನುತ್ತ ಅತ್ತ ಹುಡುಗಿ ಈಗ ಬೇರೆ ಥರ ಅಳುತ್ತಿದ್ದಳು. ಮೇಲಿನಿಂದ ನೋಡುತ್ತಿದ್ದ ಶ್ಯಾಮಸುಂದರ ಹೇಳಿಬಿಡಬೇಕೆಂದು ಬಾಯಿ ತೆರೆದ. ದನಿ ಹೊರಡುವ ಮೊದಲೇ ಗೇಟಿನ ಹತ್ತಿರ ಪೊಲೀಸ್ ಜೀಪು ನಿಂತಿತು.

ಎಎಸ್‌ಐ ಚೇತನಾ ಒಳಗೆ ಬಂದರು. ಹಿಂದೆ ಶ್ರೀರಾಮ್.

"ಈತ ತಾನೇ ನಡ್ಕೊಂಡು ಬಂದು ಈ ಸರ ನನ್ನ ಟೇಬಲ್ ಮೇಲಿಟ್ಟ. ಕದ್ದಿದ್ದು ನಾನು, ಕದಿಸಿದ್ದು ಶ್ಯಾಮಣ್ಣೋರು ಅಂತಾನೆ. ಯಾರು ಶ್ಯಾಮಣ್ಣ?"

ಬೀದಿಯ ಹೆಂಗಸರೆಲ್ಲ ಒಟ್ಟಿಗೆ ತಲೆ ಎತ್ತಿ ಸೀಲಿಂಗ್ ನೋಡಿದರು.

"ಕ್ಷಮಿಸಿ ಸಾರ್" ಎಂದ ಶ್ರೀರಾಮ್ ಅವರ ಜೊತೆಗೇ ಮೇಲೆ ನೋಡುತ್ತ. "ಮೂಲೆ ತನಕ ಹೋದೆ. ಮುಂದಕ್ಕೆ ಕಾಲು ಬರ್ಲಿಲ್ಲ, ಪಕ್ಕದ ಸ್ಟೇಷನ್‌ಗೇ ಹೋದೆ. ಸ್ಟೇಷನಲ್ಲಿ ಯಾಕೆ ಕದ್ದೆ ಅಂತ ಕೇಳಿದ್ರು. ಸುಳ್ಳು ಹೇಳೋ ಹಾಗಿಲ್ವಲ್ಲ."

ಕೋಕಿಲಾ ಎದ್ದು ಸರ ತೆಗೆದುಕೊಂಡು ಇಂಚರಾಳ ಮುಂದೆ ಹಿಡಿದಳು. ಇಂಚರಾ ಕಣ್ಣೊರೆಸಿಕೊಂಡು ನೋಡಿ, "ಅಪ್ಪಟ ಚಿನ್ನ ಅಕ್ಕ" ಎಂದಳು.

"ಕಂಪ್ಲೇಂಟ್ ಕೊಡ್ತೀರಾ ಮೇಡಂ?" ಎಂದು ಕೇಳಿದರು ಚೇತನಾ. "ಯಾರ ಮೇಲೆ ಅಂತ ಸರಿಯಾಗಿ ಹೇಳ್ಬೇಕು."

ಕೋಕಿಲಾ ಸರವನ್ನು ದೇವಿಯ ಕೊರಳಿಗೆ ಹಾಕಿದಳು. ಸೊಂಟದಲ್ಲಿದ್ದ ಬೀರುವಿನ ಬೀಗದ ಕೈ ತೆಗೆದು ಇಂಚರಾಳ ಕೈಯಲ್ಲಿಟ್ಟಳು.

"ನೀವಿಬ್ರೂ ದೇವರ ಮುಂದೆ ಕೂತಿರಿ. ಮನೇಲಿ ನಂಬಿಕಸ್ಥರು ಯಾರಾದ್ರೂ ಇರಬೇಕಲ್ಲ" ಎಂದು ಹೇಳಿ, ಮೇಲೆ ನೋಡಿ ದನಿ ಏರಿಸಿದಳು. "ರೀ, ಇಳೀರಿ ಕೆಳಗೆ. ಜೀಪ್ ಹತ್ತಿ."