ಡೆರೆಕ್ ಸಾಹೇಬರ ಹದಿನಾಲ್ಕು ಪುಟದ ದೂರು

ಶನಿವಾರ ಬೆಳಿಗ್ಗೆ ಎಂಟಕ್ಕೇ ತೆಬಾನನ ಮನೆಯ ಮುಂದೆ ಮೈಕು ಹಿಡಿದು ಹಾಡುವ ಬಾಡಿಗೆಯ ಕರಾವೋಕೆ ಪೆಟ್ಟಿಗೆ ಬಂದಿಳಿದದ್ದೇ ಎಲ್ಲಕ್ಕೂ ಮೂಲ. ಪಕ್ಕದ ಮನೆಯ ಡೆರೆಕ್ ಸಾಹೇಬರು ಕಾಫಿ ಲೋಟ ಕುಕ್ಕಿ ಎದ್ದರು. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ, ನಿವೃತ್ತರಾಗಿ, ಹೆಂಡತಿ ಮಾರಿಸೆಲ್‌ಳ ಊರಾದ ಡುಮಾಗೆಟೆಗೆ ಬಂದು ನೆಲೆಸಿದವರು. ಮೌನ ಹುಡುಕಿಕೊಂಡು ಫಿಲಿಪ್ಪೀನ್ಸಿಗೆ ಬಂದವರು ಅವರೊಬ್ಬರೇ ಇರಬೇಕು.

“ಮೂರು ವರ್ಷ! ಪ್ರತಿ ಶನಿವಾರ! ಅದೇ ಹನ್ನೊಂದು ಇಂಗ್ಲಿಷ್ ಹಾಡು!”

“ನೀವೂ ಹೋಗಿ ಒಂದು ಹಾಡಿ ಬನ್ನಿ. ಊಟಾನೂ ಆಗುತ್ತೆ,” ಎಂದು ಮಾರಿಸೆಲ್ ಆಸ್ಪತ್ರೆಯ ಡ್ಯೂಟಿಗೆ ಹೊರಟಳು.

ಸಾಹೇಬರು ಹಾಡಲು ಹೋಗಲಿಲ್ಲ. ವಾರ್ಡಿನ ಕಚೇರಿಗೆ ದೂರು ಕೊಡಲು ಹೋದರು. ಮೊದಲೇ ಬರೆದಿಟ್ಟಿದ್ದ ಹದಿನಾಲ್ಕು ಪುಟ. ಯಾವ ಹಾಡು, ಎಷ್ಟು ಗಂಟೆಗೆ, ಎಷ್ಟು ಸಲ, ಯಾರ ಗಂಟಲು ಎಲ್ಲಿ ಕೈಕೊಟ್ಟಿತು, ಎಲ್ಲ ನಮೂದಾಗಿತ್ತು. ಕೊನೆಯಲ್ಲಿ, “ಈ ಜನಕ್ಕೆ ಸ್ವಂತ ಸಂಗೀತವೇ ಇಲ್ಲ. ನಮ್ಮ ಹಾಡುಗಳನ್ನು ಕದ್ದು, ಕೊಂದು, ವಾರವಾರ ಅವುಗಳ ಹೆಣದ ಮೆರವಣಿಗೆ ಮಾಡುತ್ತಾರೆ” ಎಂಬ ಮಾತು. ಸಮುದ್ರದಂಡೆಯ ಕಾಫಿ ಅಂಗಡಿಯಲ್ಲಿ ಕೂರುವ ಉಳಿದ ಬಿಳಿಯರು ಇದನ್ನು ಕೇಳಿ ಮೇಜು ಗುದ್ದಿ ನಕ್ಕಿದ್ದರು. ಆ ನಗುವಿನ ಬಲದಿಂದಲೇ ಸಾಹೇಬರು ಅದನ್ನು ಕಾಗದಕ್ಕೆ ಇಳಿಸಿದ್ದು.

ದೂರು ಕೊಟ್ಟರೆ ಕಚೇರಿಯವರು ಗುಟ್ಟಾಗಿ ಒಂದು ನೋಟಿಸು ಕಳಿಸುತ್ತಾರೆ ಎಂದುಕೊಂಡಿದ್ದರು. ನಮ್ಮ ಡುಮಾಗೆಟೆಯಲ್ಲಿ ಹಾಗಿಲ್ಲ. ದೂರು ಕೊಟ್ಟವರೂ ಹೊತ್ತವರೂ ವಾರ್ಡಿನ ಮುಖ್ಯಸ್ಥೆ ಕ್ಯಾಪ್ಟನ್ ಅಮ್ಮನ ಎದುರು ಒಂದೇ ಬೆಂಚಿನ ಮೇಲೆ ಕೂತು, ತಿಂಡಿ ತಿಂದು, ಮಾತಾಡಿ, ರಾಜಿಗೆ ಸಹಿ ಹಾಕಿ ಏಳಬೇಕು.

ಹತ್ತಕ್ಕೆ ಕರೆ ಬಂತು. ಸಾಹೇಬರು ಗೇಟು ತೆರೆದರೆ ತೆಬಾನ್ ಆಟೊದಂಥ ತನ್ನ ಬಾಡಿಗೆ ಟ್ರೈಸಿಕಲ್ ಶುರು ಮಾಡಿಕೊಂಡು ಕಾಯುತ್ತಿದ್ದ. ಇಸ್ತ್ರಿ ಅಂಗಿ, ಬಾಚಿದ ತಲೆ.

“ಹತ್ತಿ ಸಾರ್. ಯಾರೋ ನಿಮ್ಮ ಮೇಲೆ ದೂರು ಕೊಟ್ಟವ್ರಂತೆ. ನಂಗೂ ಬಾ ಅಂದವ್ರೆ, ಸಾಕ್ಷಿಗೇ ಇರ್ಬೇಕು. ಹೆದರಬೇಡಿ, ನಾನಿದೀನಿ!”

ಸಾಹೇಬರು ಹತ್ತಿ ಕೂತರು. ದಾರಿಯುದ್ದಕ್ಕೂ ತೆಬಾನ್ ಮನೆಮನೆಗೂ ಕೂಗಿ ಹೇಳಿದ: “ನಮ್ ಡೆರೆಕ್ ಸಾರ್ ಮೇಲೆ ಕಂಪ್ಲೇಂಟು! ಬನ್ರೋ!” ಕಚೇರಿ ಮುಟ್ಟುವ ಹೊತ್ತಿಗೆ ಹಿಂದೆ ಹನ್ನೆರಡು ಜನ, ಎಲ್ಲರೂ ಸಾಹೇಬರ ಪರ.

ಕ್ಯಾಪ್ಟನ್ ಅಮ್ಮ ಇಡ್ಲಿಯಂಥ ಬಿಸಿ ಪುತೊ ಮುಂದಿಟ್ಟಳು. “ಮೊದ್ಲು ತಿನ್ನಿ.”

ತೆಬಾನ್ ಎದ್ದು ನಿಂತ. “ಅಮ್ಮಾ, ನಮ್ ಸಾರು ಬಂಗಾರದಂಥ ಮನುಷ್ಯ. ದೂರು ಕೊಟ್ಟೋನಿಗೆ ನಾಚ್ಕೆ ಆಗ್ಬೇಕು!”

“ಕೂತ್ಕೊ ತೆಬಾನ್. ದೂರು ನಿನ್ನ ಮೇಲೆ. ಕೊಟ್ಟೋರು ಅವ್ರೇ.”

ಆಮೇಲೆ ಅವಳು ನಿಯಮದಂತೆ ಹದಿನಾಲ್ಕು ಪುಟವನ್ನೂ ನಮ್ಮ ಭಾಷೆಯಲ್ಲಿ ಓದಿ ಹೇಳಿದಳು. ಹೆಣದ ಮೆರವಣಿಗೆಯನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಸಾಹೇಬರು ಕಚ್ಚಿದ ಪುತೊವನ್ನು ಮತ್ತೆ ತಟ್ಟೆಗಿಟ್ಟರು.

ತೆಬಾನ್ ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವನು ತನ್ನ ಚಪ್ಪಲಿ ನೋಡುತ್ತ ನಕ್ಕ.

“ಸಾರ್, ನೀವು ಬಂದ ಹೊಸದ್ರಲ್ಲಿ ಮಾರಿಸೆಲ್ ಡ್ಯೂಟಿಗೆ ಹೋದ್ರೆ ನೀವೊಬ್ರೇ ವರಾಂಡದಲ್ಲಿ ಗೋಡೆ ನೋಡ್ತಾ ಕೂತಿರ್ತಿದ್ರಿ. ಪಾಪ, ಊರು ನೆನಪಾಗ್ತಿರ್ಬೇಕು ಅಂತ ನನ್ ಹೆಂಡ್ತಿ ನಿಮ್ ಕಡೆ ಹಾಡು ಕಲಿತ್ಲು. ಹಾಡಿದಾಗೆಲ್ಲ ನೀವು ಹೊರಗೆ ಬಂದು ಏನೋ ಬರ್ಕೋತಿದ್ರಿ. ಇಷ್ಟ ಆಯ್ತು ಅಂತ ಅದನ್ನೇ ಇನ್ನೊಂದ್ಸಲ ಹಾಡ್ತಿದ್ವಿ. ನಮ್ ಹಾಡು ನಮಗೆ ಬೇಕಾದಷ್ಟಿವೆ ಸಾರ್. ಶನಿವಾರ ಮಾತ್ರ ನಿಮ್ಗೆ ಅಂತ ಬಿಟ್ಟಿದ್ವಿ.”

ಭೂಮಿ ಬಾಯಿ ಬಿಟ್ಟಿದ್ದರೆ ಸಾಹೇಬರು ಟಿಕೆಟ್ಟಿಲ್ಲದೆಯೇ ಒಳಗೆ ಹೋಗಿಬಿಡುತ್ತಿದ್ದರು. ಕಿವಿ, ಕುತ್ತಿಗೆ, ಬೋಳುತಲೆ ಎಲ್ಲ ಕೆಂಪಾದವು. ಜೀವಮಾನದಲ್ಲಿ ಅವರಿಗೆ ಅಷ್ಟು ನಾಚಿಕೆ ಆಗಿದ್ದಿಲ್ಲ.

“ಸರಿ, ಇನ್ಮೇಲೆ ಹಾಡೋದಿಲ್ಲ ಅಂತ ಬರೀಲಾ?” ಕ್ಯಾಪ್ಟನ್ ಅಮ್ಮ ಪೆನ್ನು ತೆಗೆದಳು.

ಮೂರು ವರ್ಷ ಬೇಡಿಕೊಂಡ ಮೌನ ಪೆನ್ನಿನ ತುದಿಯಲ್ಲಿತ್ತು. ಆದರೆ ಬೆಂಚಿನ ಹಿಂದೆ, ತಮ್ಮ ಪರ ಬಂದ ಹನ್ನೆರಡು ಮುಖಗಳಿದ್ದವು. ಸಾಹೇಬರು ತಟ್ಟನೆ ಎದ್ದರು.

“ಬೇಡ! ನಿಲ್ಲಿಸಬೇಡಿ! ನಾನು ಬರೆದದ್ದೆಲ್ಲ ಸುಳ್ಳು. ಆ ಹಾಡುಗಳೆಂದರೆ ನನಗೆ ಪ್ರಾಣ. ಅವಿಲ್ಲದಿದ್ದರೆ ನಾನು ಬದುಕಲಾರೆ!”

ಅವರ ದನಿ ಒಡೆಯಿತು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಪ್ರತಿ ಶನಿವಾರ ಹಾಡತಕ್ಕದ್ದು ಎಂದು ರಾಜಿಪತ್ರವಾಯಿತು, ಸಹಿಯಾಯಿತು, ಮೊಹರು ಬಿತ್ತು.

ವಾಪಸು ಬರುವಾಗ ತೆಬಾನ್ ರಸ್ತೆಯನ್ನೇ ನೋಡುತ್ತ ಟ್ರೈಸಿಕಲ್ಲನ್ನು ನಿಧಾನವಾಗಿ ಓಡಿಸಿದ.

“ನನ್ನ ಮೇಲೆ ಇನ್ನೂ ಕೋಪವಾ?” ಸಾಹೇಬರು ಮೆಲ್ಲಗೆ ಕೇಳಿದರು.

“ಛೆ ಛೆ, ಕೋಪ ಯಾಕೆ ಸಾರ್.” ತೆಬಾನ್ ತಲೆ ಕೆರೆದುಕೊಂಡ. “ನಿಜ ಹೇಳ್ಲಾ? ನೀವು ಹಾಡೇ ಬೇಡ ಅಂತೀರೇನೋ ಅಂತ ಒಂದು ಗಳಿಗೆ ಆಸೆ ಆಗಿತ್ತು. ಆ ಹನ್ನೊಂದು ಹಾಡು ಕೇಳಿ ಕೇಳಿ ಬೀದಿಯೋರ ತಲೆಯೆಲ್ಲ ಕೆಟ್ಟೋಗಿದೆ. ನಮ್ಮಾವ ಅಂತೂ ಶನಿವಾರ ಬಂದ್ರೆ ಊರೇ ಬಿಡ್ತಾನೆ. ಹೋಗ್ಲಿ ಬಿಡಿ, ನಿಮ್ ಪ್ರಾಣಕ್ಕಿಂತ ಹೆಚ್ಚಾ? ಅದಕ್ಕೇ ಈಗ ಸಹಿ ಆದ್ಮೇಲೆ ಎಲ್ರೂ ಸೇರಿ ತೀರ್ಮಾನ ಮಾಡಿದೀವಿ, ಇನ್ಮೇಲೆ ಭಾನುವಾರಾನೂ ಹಾಡೋದು ಅಂತ.”

ಸಾಹೇಬರು ಬಾಯಿ ತೆರೆದರು. ಹಿಂದೆ ನಡೆದುಬರುತ್ತಿದ್ದ ಹನ್ನೆರಡು ಜನ ಕೈ ಬೀಸಿದರು.

“ಬಹಳ ಸಂತೋಷ,” ಎಂದರು ಸಾಹೇಬರು.