ನನ್ನ ಹೆಸರಿನ ಅಮ್ಮೊನೈಟ್

ಸಾಗರದ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತೆಂದು ಕಂಡುಹಿಡಿದ ಪ್ರಪ್ರಥಮ ವಿಜ್ಞಾನಿ ನಾನು. ಆ ಪದವಿಯಲ್ಲಿ ಒಟ್ಟು ಒಂಬತ್ತು ದಿನ ಇದ್ದೆ!

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದರೂ ನನ್ನ ಹೆಸರು ಎಲ್ಲೂ ಉಳಿಯಲಿಲ್ಲವಲ್ಲ ಎಂಬ ಕೊರಗು ನನಗಿತ್ತು. ಆಗಲೇ ನೀರಿನ ಪೈಪಿಗೆಂದು ಬೀದಿ ಅಗೆದರು. ನಮ್ಮ ಗೇಟಿನ ಮುಂದೆ ಮಣ್ಣು ಮೆತ್ತಿದ ಕಲ್ಲೊಂದು ಸಿಕ್ಕಿತು. ಮೇಲೆ ಸುರುಳಿಯ ಅಚ್ಚು, ಸುರುಳಿಯುದ್ದಕ್ಕೂ ಏಣು. ಅಮ್ಮೊನೈಟ್! ಡೈನೋಸಾರ್ ಕಾಲದ ಸಮುದ್ರದಲ್ಲಿದ್ದ ಚಿಪ್ಪಿನ ಪ್ರಾಣಿ. ಅದರ ಜಾತಿ ಗೊತ್ತಾದರೆ ಬಂಡೆಯ ವಯಸ್ಸು ಹೇಳಬಹುದು. ಒಂದೇ ಜಾತಿ ಎರಡು ಕಡೆ ಸಿಕ್ಕರೆ ಎರಡೂ ಪದರ ಒಂದೇ ಕಾಲದ್ದು.

ಪರೀಕ್ಷೆಗೆ ಲಿಂಬೆರಸ ಹಿಂಡಿದೆ. ಬುಸುಬುಸು ನೊರೆ ಬಂತು. ಸಮುದ್ರದ ತಳದ ಸುಣ್ಣಕಲ್ಲೇ, ಅನುಮಾನವೇ ಇಲ್ಲ!

"ಇದ್ದ ಒಂದು ಲಿಂಬೆಹಣ್ಣೂ ಹೋಯ್ತಾ?" ಹೆಂಡತಿ ಸಾವಿತ್ರಿ ಅಡುಗೆಮನೆಯಿಂದಲೇ ಕೂಗಿದಳು. "ಚಿತ್ರಾನ್ನಕ್ಕೆ ಎಂತ ಹಾಕ್ಲಿ ಈಗ?"

"ವಿಜ್ಞಾನ ತ್ಯಾಗ ಕೇಳತ್ತೆ ಮಾರಾಯ್ತಿ!"

ಮರುದಿನ ಎರಡು ಮನೆ ಆಚೆ, ಸುಬ್ಬಣ್ಣನ ಗೇಟಿನ ಮುಂದೆಯೂ ಅಂಥದ್ದೇ ಇನ್ನೊಂದು ಸಿಕ್ಕಿತು. ಎರಡರಲ್ಲೂ ಮೂರನೇ ಸುತ್ತು ಎರಡನೆಯದರ ಮೇಲೆ ಹತ್ತಿ ಕೂತಿತ್ತು. ಯಾವ ಪುಸ್ತಕದಲ್ಲೂ ಇಂಥ ಅಮ್ಮೊನೈಟ್ ಇರಲಿಲ್ಲ. ಆದ್ದರಿಂದ ಇದು ಹೊಸ ಜಾತಿ! 'ನರಹರಿಸೆರಾಸ್ ಸಾಗರೆನ್ಸಿಸ್' ಎಂದು ವಿಧಿವತ್ತಾಗಿ ನಾಮಕರಣ ಮಾಡಿದೆ. 'ಸೆರಾಸ್' ಅಮ್ಮೊನೈಟ್ ಹೆಸರುಗಳಿಗೆ ಹಚ್ಚುವ ಬಾಲ, ನರಹರಿ ಎಂದರೆ ನಾನೇ. ಎರಡೂ ಪದರ ಒಂದೇ ಕಾಲದ್ದು, ವಯಸ್ಸು ಹತ್ತು ಕೋಟಿ ವರ್ಷ ಎಂದು ಚೀಟಿ ಅಂಟಿಸಿ, ಊರಿನ ವಾಟ್ಸಾಪ್ ಗುಂಪಿಗೆಲ್ಲ ಫೋಟೋ ಹಾಕಿ, ಶಿವಮೊಗ್ಗದಿಂದ ಭೂವಿಜ್ಞಾನದ ಪ್ರೊಫೆಸರೊಬ್ಬರನ್ನು ಕರೆಸಿದೆ.

ಭಾನುವಾರ ಇಡೀ ಬೀದಿ ನಮ್ಮ ಜಗಲಿಯಲ್ಲಿತ್ತು. ಪ್ರೊಫೆಸರ್ ಭೂತಗನ್ನಡಿ ಹಿಡಿದು ನೋಡಿದರು. ಚಾಕುವಿನಿಂದ ಕೆರೆದರು.

"ಸಾರ್, ಇದು ಸಿಮೆಂಟು."

"ಸಿಮೆಂಟಿನೊಳಗೆ ಅಮ್ಮೊನೈಟ್ ಹೇಗೆ ಬಂತು?" ಎಂದೆ.

ಕಾಫಿ ತಂದ ಸಾವಿತ್ರಿ ಕಲ್ಲನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು. "ಅಯ್ಯೋ, ಇದು ಚಕ್ಲಿ ಅಲ್ದಾ! ಹೋದ ಚೌತಿ ಕಂಬಳದ್ದು!"

ಚೌತಿಗೆ ಬೀದಿಯ ಗಂಡಸರೆಲ್ಲ ಒಟ್ಟು ಕೂತು ಕೈಯಲ್ಲೇ ಚಕ್ಕುಲಿ ಸುತ್ತುವುದಕ್ಕೆ ನಮ್ಮಲ್ಲಿ ಚಕ್ಕುಲಿ ಕಂಬಳ ಎನ್ನುತ್ತಾರೆ. ಯಾವುದು ಯಾರ ಕೈಯದ್ದೆಂದು ಹೆಂಗಸರು ನೋಡಿಯೇ ಹೇಳುತ್ತಾರೆ.

ಸುಬ್ಬಣ್ಣ ತೊಡೆ ತಟ್ಟಿಕೊಂಡ. "ಹೌದ್ ಮಾರಾಯ್ರೆ! ಆ ವಾರನೇ ಅಲ್ದಾ ನಮ್ಮಿಬ್ಬರ ಗೇಟಿನ ಮುಂದೂ ಸಿಮೆಂಟ್ ಹಾಕ್ಸಿದ್ದು? ಗಾರೆಯವನಿಗೆ ಚಾ ಜೊತೆ ಚಕ್ಲಿ ಕೊಟ್ಟಿದ್ವಿ. ಪಾಪ, ಕಚ್ಚೋಕಾಗ್ದೆ ಹಸಿ ಸಿಮೆಂಟಲ್ಲೇ ಅದುಮಿಬಿಟ್ಟಿದಾನೆ. ಇರುವೆ ತಿಂದು ಅಚ್ಚು ಮಾತ್ರ ಉಳ್ದಿದೆ."

"ಹಾಗಾದ್ರೆ ಎರಡೂ ಪದರ ಒಂದೇ ಕಾಲದ್ದು," ಎಂದರು ಪ್ರೊಫೆಸರ್. "ಅದನ್ನ ಸರಿಯಾಗೇ ಹೇಳಿದ್ರಿ ಸಾರ್."

ಹತ್ತು ಕೋಟಿ ವರ್ಷದ ಸಣ್ಣ ವ್ಯತ್ಯಾಸ ಬಿಟ್ಟರೆ! ಅಷ್ಟಾದರೂ ಮಾನ ಉಳಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಯಾರೋ ಕೇಳಿದರು, "ಇಷ್ಟು ಗಟ್ಟಿ ಚಕ್ಲಿ ಯಾರು ಸುತ್ತಿದ್ದು?"

ಸಾವಿತ್ರಿ ಮೂರನೇ ಸುತ್ತಿನ ಮೇಲೆ ಬೆರಳಿಟ್ಟಳು. "ಹೀಗೆ ಒಂದರ ಮೇಲೊಂದು ಹತ್ತಿಸೋದು ಇಡೀ ಬೀದೀಲಿ ಇವ್ರೊಬ್ಬರೇ."

ಪ್ರೊಫೆಸರ್ ನನ್ನ ಚೀಟಿಯನ್ನು ಮತ್ತೊಮ್ಮೆ ಓದಿದರು. "ನರಹರಿಸೆರಾಸ್... ಹೆಸರು ಮಾತ್ರ ಬದಲಾಯಿಸೋದು ಬೇಡ ಸಾರ್."

ಅಂತೂ ನನ್ನ ಹೆಸರು ಉಳಿಯಿತು. ಈ ಚೌತಿಯ ಕಂಬಳದಲ್ಲಿ ನನ್ನನ್ನು ಹಿಟ್ಟಿನ ಹತ್ತಿರ ಬಿಡಲಿಲ್ಲ. ಒಲೆಗೆ ಕಟ್ಟಿಗೆ ಹಾಕಿದೆ.